ಅಂಡಾಶಯದ ಗುಳ್ಳೆಗಳೂ ಆದಿಯ ಗರ್ಭಸ್ರಾವವೂ

ಗರ್ಭನಷ್ಟಕ್ಕೆ ನಮ್ಮ ಪ್ರಾಚೀನರು ಎರಡು ಹೆಸರುಗಳನ್ನಿಟ್ಟಿದ್ದರು. ನಾಲ್ಕನೆಯ ತಿಂಗಳವರೆಗೆ ಸಂಭವಿಸಿದರೆ ಗರ್ಭಸ್ರಾವ, ಐದಾರನೆಯ ತಿಂಗಳಲ್ಲಾದರೆ ಗರ್ಭಪಾತ ಎಂದು ಸುಶ್ರುತಸಂಹಿತೆಯ ನಿದಾನಸ್ಥಾನವು ವಿಂಗಡಿಸುತ್ತದೆ. ಇಂದಿನ ವೈದ್ಯರೂ ಮೊದಲ ಹನ್ನೆರಡು ವಾರಗಳ ನಷ್ಟವನ್ನು ಪ್ರತ್ಯೇಕವಾಗಿಯೇ ಪರಿಗಣಿಸುತ್ತಾರೆ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಎಂದರೆ ಪಿ.ಸಿ.ಓ.ಎಸ್., ಉಳ್ಳ ಸ್ತ್ರೀಯರಲ್ಲಿ ಇಂತಹ ಸ್ರಾವದ ಸಂಭವವು ಇತರರಿಗಿಂತ ಹೆಚ್ಚೆಂಬುದನ್ನು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಒಪ್ಪಿದೆ. ಆದರೆ ಈ ಮಾತಿನ ಅರ್ಥವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು.

ಷಿಕಾಗೋ ನಗರದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ಏಳು ಮಂದಿ ಸ್ತ್ರೀಯರ ವೃತ್ತಾಂತದೊಡನೆ ಈ ವ್ಯಾಧಿಯನ್ನು ವರ್ಣಿಸಿದರು. ಅಂಡೋತ್ಪತ್ತಿಯ ಅವ್ಯವಸ್ಥೆ, ಪುರುಷ ಹಾರ್ಮೋನುಗಳ ಆಧಿಕ್ಯ, ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ತೋರುವ ಅನೇಕ ಗುಳ್ಳೆಗಳು, ಈ ಮೂರರಲ್ಲಿ ಎರಡಿದ್ದು, ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ವ್ಯಾಧಿಯಿದೆಯೆಂದು ತಿಳಿಯಬೇಕೆಂಬುದು 2003ರ ರಾಟರ್‌ಡ್ಯಾಮ್ ಸಭೆಯ ನಿರ್ಣಯ. ಆ ಗುಳ್ಳೆಗಳಾದರೋ ಗಡ್ಡೆಗಳಲ್ಲ. ಪೂರ್ಣವಾಗಿ ಬೆಳೆಯದೆ ನಿಂತುಹೋದ ಅಂಡದ ಕೋಶಕಗಳು.

ಅನೇಕರಲ್ಲಿ ಇದರ ಮೂಲದಲ್ಲಿ ಇನ್ಸುಲಿನ್ನಿನ ತೊಡಕಿದೆ. ಶರೀರವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣವೇರಿ, ಅಂಡಾಶಯವನ್ನು ಹೆಚ್ಚು ಪುರುಷ ಹಾರ್ಮೋನು ತಯಾರಿಸುವಂತೆ ಪ್ರಚೋದಿಸುತ್ತದೆ. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದು, ಇಂದು ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಬೆಳೆಸಿದ ಸ್ಥೂಲಕಾಯದ ಇಲಿತಳಿಯೊಂದರಲ್ಲಿ ಇನ್ಸುಲಿನ್ನಿನ ಆಧಿಕ್ಯವೂ ಬಂಜೆತನವೂ ಜೊತೆಯಾಗಿಯೇ ಕಂಡುಬಂದಿವೆ. ಇಲಿಯ ಸಂಗತಿಯನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಆಹಾರ, ತೂಕ, ಸಂತಾನಶಕ್ತಿಗಳ ಸಂಬಂಧವನ್ನು ಅದು ಸೂಚಿಸುತ್ತದೆ.

ಇನ್ನು ಸ್ರಾವದ ವಿಚಾರ. ವ್ಯಾಧಿಯಿಲ್ಲದವರಲ್ಲಿಯೂ, ತಿಳಿದುಬಂದ ನೂರು ಗರ್ಭಗಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ. ಆದಿಯ ನಷ್ಟಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಸಂಖ್ಯಾದೋಷವೇ ಕಾರಣ. ಪಿ.ಸಿ.ಓ.ಎಸ್. ಉಳ್ಳವರಲ್ಲಿ ಕಾಣುವ ಹೆಚ್ಚಳದೊಳಗೆ ಸ್ಥೂಲತೆ, ಸಕ್ಕರೆಯ ಏರುಪೇರು, ಸಂತಾನಚಿಕಿತ್ಸೆ ಇವುಗಳ ಪಾಲೂ ಬೆರೆತಿದೆ. ಅದನ್ನು ಬೇರ್ಪಡಿಸುವುದು ಸುಲಭವಲ್ಲ. ಮೆಟ್ಫಾರ್ಮಿನ್ ಗುಳಿಗೆಯಿಂದ ಪರಿಹಾರ ದೊರೆತೀತೆಂಬ ಆಶೆಯಿತ್ತು. 626 ಸ್ತ್ರೀಯರ ಮೇಲೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆದಿಯ ಗರ್ಭನಷ್ಟವು ಅದರಿಂದ ತಗ್ಗಿದ್ದು ಕಾಣಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಗರ್ಭಧಾರಣೆಗೆ ಮೊದಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆಯ ಪರೀಕ್ಷೆ, ರಕ್ತದೊತ್ತಡದ ಪರಿಶೀಲನೆ, ಫೋಲಿಕ್ ಆಮ್ಲದ ಸೇವನೆ, ತೂಕ ಮಿತಿಮೀರಿದ್ದರೆ ಮೆಲ್ಲನೆ ಇಳಿಸುವುದು, ಇವು ವೈದ್ಯಸಮ್ಮತ. ಗರ್ಭಿಣಿಗೆ ತೀವ್ರ ರಕ್ತಸ್ರಾವ, ಒಂದೇ ಪಕ್ಕದ ಹೊಟ್ಟೆನೋವು ಅಥವಾ ಮೂರ್ಛೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬೀದರ, ಕಲಬುರಗಿ, ರಾಯಚೂರುಗಳಿಂದ ಮದುವೆಯಾಗಿ ಹೈದರಾಬಾದಿಗೆ ಬಂದ ಹೆಣ್ಣುಮಗಳಿಗೆ ತವರು ದೂರ. ವೈದ್ಯರ ಮಾತು ತೆಲುಗು, ಉರ್ದು, ಇಂಗ್ಲಿಷು. ಕೊನೆಯ ಮುಟ್ಟಿನ ದಿನ, ಸೇವಿಸುತ್ತಿರುವ ಔಷಧಿ, ಹಿಂದಿನ ನಷ್ಟ, ಇವನ್ನು ಬರೆದಿಟ್ಟುಕೊಂಡು ಪತಿಯೂ ಜೊತೆಗೆ ಹೋಗುವುದು ಒಳ್ಳೆಯದು. ಮನೆಯಲ್ಲಿ ಮಾತ್ರ ಮತ್ತೊಂದು ಚಿಕಿತ್ಸೆ ನಡೆಯಬೇಕು. ಮೆಟ್ಟಿಲೇರಿದ್ದಕ್ಕೆ, ಬಿಂದಿಗೆ ಎತ್ತಿದ್ದಕ್ಕೆ, ಉದ್ಯೋಗಕ್ಕೆ ಹೋದದ್ದಕ್ಕೆ ಗರ್ಭ ಹೋಯಿತೆಂದು ಅವಳನ್ನು ದೂಷಿಸುವುದಕ್ಕೆ ಶಾಸ್ತ್ರಾಧಾರವಿಲ್ಲ. ಒಮ್ಮೆ ಸ್ರಾವವಾದವರಲ್ಲಿ ಬಹುಮಂದಿ ಮುಂದೆ ತಾಯಂದಿರಾಗಿದ್ದಾರೆ. ಆ ಭರವಸೆಯನ್ನು ಅವಳದೇ ನುಡಿಯಲ್ಲಿ ಹೇಳುವವರು ಹತ್ತಿರವಿರಬೇಕು.