ಬೆಂಡಿಕ್ಸನ್ನನ ಎರಡು ಹಡಗುಗಳು

ಅಮೆರಿಕದ ಶಾಂತಸಾಗರ ತೀರದಲ್ಲಿ, ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೊಲ್ಲಿಯ ದಡದಲ್ಲಿರುವ ಫೇರ್‌ಹೇವನ್ ಎಂಬಲ್ಲಿ, ಡೆನ್ಮಾರ್ಕಿನಿಂದ ಬಂದು ನೆಲೆಸಿದ್ದ ಹ್ಯಾನ್ಸ್ ಬೆಂಡಿಕ್ಸನ್ ಎಂಬ ನೌಕಾಶಿಲ್ಪಿಯು ಕಟ್ಟಿದ ಹಾಯಿಹಡಗುಗಳ ಪೈಕಿ ಎರಡರ ಚರಿತ್ರೆಯನ್ನು ಜೊತೆಯಲ್ಲಿಟ್ಟು ನೋಡಬೇಕು. 'ಸಿ. ಎ. ಥೇಯರ್' ನೀರಿಗಿಳಿದದ್ದು 1895ರಲ್ಲಿ, 'ವಾವೋನಾ' 1897ರಲ್ಲಿ. ಎರಡಕ್ಕೂ ಮೂರು ಕೂವೆಮರಗಳು. ಎರಡರ ಕಸುಬೂ ಉತ್ತರದ ಮಹಾರಣ್ಯಗಳ ಮರವನ್ನು ದಕ್ಷಿಣದ ನಗರಗಳಿಗೆ ಹೊರುವುದು.

ಈ ಹಡಗುಗಳ ಮೈಕಟ್ಟಿನಲ್ಲಿ ಅಡಗಿದ್ದ ವಿವೇಕ ಅಸಾಮಾನ್ಯವಾದುದು. ಅಳಿವೆಯ ಮರಳುದಿಬ್ಬಗಳನ್ನು ದಾಟಬೇಕಾಗಿದ್ದುದರಿಂದ ಒಡಲು ಅಗಲವಾಗಿಯೂ ಆಳ ಕಡಿಮೆಯಾಗಿಯೂ ಇದ್ದಿತು. ಹಾಗೆ ಇದ್ದುದರಿಂದಲೇ, ಸರಕಿಳಿಸಿ ಎದುರುಗಾಳಿಯಲ್ಲಿ ಉತ್ತರಕ್ಕೆ ಮರಳುವಾಗ, ಭಾರಕ್ಕೆಂದು ಕಲ್ಲುಮಣ್ಣು ತುಂಬಿಕೊಳ್ಳುವ ಅಗತ್ಯವೂ ಬೀಳುತ್ತಿರಲಿಲ್ಲ. ಥೇಯರ್ ಒಂದು ಸಲಕ್ಕೆ 5,75,000 ಬೋರ್ಡ್ ಅಡಿ (ಹಲಗೆಮರವನ್ನು ಅಳೆಯುವ ಮಾನ) ಮರ ಹೊರುತ್ತಿತ್ತು. ಅರ್ಧ ಒಡಲೊಳಗೆ, ಉಳಿದರ್ಧ ಡೆಕ್ಕಿನ ಮೇಲೆ ಹತ್ತಡಿ ಎತ್ತರಕ್ಕೆ, ಸರಪಳಿ ಬಿಗಿದು. ನಾವಿಕರು ಆ ಹಲಗೆಗಳ ಅಟ್ಟಿಯ ಮೇಲೆಯೇ ಓಡಾಡಿ ಹಾಯಿ ಏರಿಸಬೇಕು, ಇಳಿಸಬೇಕು. ಇಷ್ಟೆಲ್ಲ ದುಡಿಮೆಗೆ ಇದ್ದವರು ಎಂಟೊಂಬತ್ತು ಜನ ಮಾತ್ರ.

ಆ ಜನರ ಬಾಳು ಹೇಗಿತ್ತೆಂಬುದನ್ನು ಹೇಳದೆ ಹಡಗನ್ನಷ್ಟೇ ಕೊಂಡಾಡುವುದು ಅನ್ಯಾಯವಾದೀತು. ಬಂದರಿನ ವಸತಿಗೃಹದ ಯಜಮಾನನು ನಾವಿಕನ ಮುಂಗಡ ಕೂಲಿಯನ್ನು ಸಾಲದ ಲೆಕ್ಕಕ್ಕೆ ಕಿತ್ತುಕೊಳ್ಳುತ್ತಿದ್ದನು. ಕಿರುಕುಳ ತಾಳಲಾರದೆ ನಡುವೆ ಹಡಗು ಬಿಟ್ಟವನಿಗೆ ಸೆರೆಮನೆಯ ಭಯ. ಕೂಲಿ ಮತ್ತಷ್ಟು ಇಳಿದಾಗ, ಈ ಎರಡು ಹಡಗುಗಳು ಹುಟ್ಟುವ ಮೊದಲೇ, 1885ರ ಮಾರ್ಚ್ 6ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದ ಫೋಲ್ಸಮ್ ಬೀದಿಯ ಧಕ್ಕೆಯಲ್ಲಿ, ತಾವೇ ಹೊತ್ತು ತಂದಿದ್ದಂಥ ಮರದ ರಾಶಿಗಳ ನಡುವೆ ನಾವಿಕರು ನೆರೆದು ಕರಾವಳಿ ನಾವಿಕರ ಸಂಘವನ್ನು ಸ್ಥಾಪಿಸಿದರು. 1891ರಲ್ಲಿ ಅದು ಉಗಿಹಡಗುಗಳ ನಾವಿಕರ ಸಂಘದೊಡನೆ ಕೂಡಿ, ಪೆಸಿಫಿಕ್ ನಾವಿಕರ ಸಂಘವೆನಿಸಿತು. ಅದರ ಕಾರ್ಯದರ್ಶಿ, ನಾರ್ವೆಯಲ್ಲಿ ಜನಿಸಿದ ಆ್ಯಂಡ್ರ್ಯೂ ಫ್ಯೂರುಸೆತ್, ವಾಷಿಂಗ್ಟನ್ನಿನಲ್ಲಿ ವರ್ಷಗಟ್ಟಲೆ ಪಟ್ಟುಹಿಡಿದು, ಸೆನೆಟರ್ ಲಾ ಫಾಲೆಟ್‌ರ ನೆರವಿನಿಂದ 1915ರ ನಾವಿಕರ ಕಾಯಿದೆಯನ್ನು ಸಾಧಿಸಿದರು. ಹಡಗು ಬಿಟ್ಟದ್ದಕ್ಕೆ ಸೆರೆ ಎಂಬ ಕಳಂಕ ಅಂದಿಗೆ ಪೂರ್ತಿಯಾಗಿ ತೊಲಗಿತು. ಶಾಂತಸಾಗರ ತೀರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ನಾನು ಕಾಣೆ.

ಉಗಿಹಡಗುಗಳು ಮರದ ವ್ಯಾಪಾರವನ್ನು ಸೆಳೆದುಕೊಂಡ ಮೇಲೆ ಎರಡೂ ಹಡಗುಗಳು ಮೀನಿನ ಕಡೆ ತಿರುಗಿದವು. ಬೇರಿಂಗ್ ಸಮುದ್ರದಲ್ಲಿ ಲಂಗರು ಹಾಕಿದೊಡನೆ ಒಬ್ಬೊಬ್ಬ ಬೆಸ್ತನೂ ಒಂದೊಂದು ಕಿರುದೋಣಿಯಲ್ಲಿ ಇಳಿದು, ಕೈಗಾಳದಿಂದ ಕಾಡ್ ಮೀನು ಹಿಡಿದು ತರುವನು. ಮೀನನ್ನು ಹಡಗಿನಲ್ಲಿಯೇ ಸೀಳಿ ಉಪ್ಪು ಹಾಕುವರು. 1950ರಲ್ಲಿ ಥೇಯರ್ ಕಡೆಯ ಬೇಟೆಯಿಂದ ಮರಳಿದಾಗ ಆ ಕರಾವಳಿಯಲ್ಲಿ ಹಾಯಿಯಿಂದ ನಡೆಯುವ ವಾಣಿಜ್ಯ ನೌಕಾಯಾನವೇ ಮುಗಿಯಿತು.

ಅನಂತರ ಅಕ್ಕತಂಗಿಯರಂತಿದ್ದ ಈ ಹಡಗುಗಳ ದಾರಿ ಬೇರೆಯಾಯಿತು. ಥೇಯರ್ ಹಡಗನ್ನು 1957ರಲ್ಲಿ ಕ್ಯಾಲಿಫೋರ್ನಿಯಾ ಸರಕಾರವು ಕೊಂಡಿತು. ಮುಂದೆ ರಾಷ್ಟ್ರೀಯ ಉದ್ಯಾನ ಇಲಾಖೆ ಅದರ ಹೊಣೆ ಹೊತ್ತು, ಈ ಶತಮಾನದ ಮೊದಲ ದಶಕದಲ್ಲಿ, ಜೀರ್ಣವಾದ ಮರವನ್ನು ತೆಗೆದು ಹೊಸ ಮರ ಕೂಡಿಸಿ ಪುನರ್ನಿರ್ಮಿಸಿತು. ವಾವೋನಾವನ್ನು ಸಿಯಾಟಲ್ಲಿನ ನಾಗರಿಕರು 1964ರಲ್ಲಿ ಚಂದಾ ಎತ್ತಿ ಉಳಿಸಿಕೊಂಡರು. ಅವರ ಸಂಸ್ಥೆಯಾದ ನಾರ್ತ್‌ವೆಸ್ಟ್ ಸೀಪೋರ್ಟ್ ನಾಲ್ಕು ದಶಕಗಳಿಗೂ ಮಿಕ್ಕಿ ಶ್ರಮಿಸಿದರೂ, ಹುಳುವೂ ಕೊಳೆಯೂ ಹಣವನ್ನು ಮೀರಿ ಬೆಳೆದು, 2009ರಲ್ಲಿ ಹಡಗನ್ನು ಒಡೆಯಬೇಕಾಯಿತು. ಮರವನ್ನು ಕೊಟ್ಟದ್ದು ಒಂದೇ ಕಾಡು, ಕಟ್ಟಿದ್ದು ಒಂದೇ ಕೈ. ಭೇದವಾದದ್ದು ಬೊಕ್ಕಸದಲ್ಲಿ ಮಾತ್ರ. ಆ ಸಿಯಾಟಲ್ ಸಂಸ್ಥೆ ಸೋತಿತೆಂದು ನಾನು ಹೇಳಲಾರೆ. 1889ರ 'ಆರ್ಥರ್ ಫಾಸ್' ಎಂಬ ಎಳೆದೋಣಿಯನ್ನು ಅದು ಈಗಲೂ ಪೋಷಿಸುತ್ತಿದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಇಂದು ಅನೇಕ ಕನ್ನಡ ಕುಟುಂಬಗಳಿವೆ. ಮಕ್ಕಳನ್ನು ಕಾಣಲು ಅಲ್ಲಿಗೆ ಹೋಗುವ ಹಿರಿಯರು, ಗೋಲ್ಡನ್ ಗೇಟ್ ಸೇತುವೆಯನ್ನಷ್ಟೇ ನೋಡಿ ಹಿಂತಿರುಗದೆ, ಪ್ರವೇಶವುಂಟೇ ಎಂದು ಮೊದಲೇ ವಿಚಾರಿಸಿಕೊಂಡು, ಅರ್ಧ ದಿನವನ್ನು ಆ ಕೊಲ್ಲಿಯಲ್ಲಿಯೇ ಇರುವ ಥೇಯರ್ ಹಡಗಿಗಾಗಿ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇನೆ.