ಅಡುಗೆಮನೆಯ ಮೂಗಿಲಿಯೂ ಆಸ್ಟ್ರೇಲಿಯದ ಚೀಲದ ಪ್ರಾಣಿಗಳೂ

ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊತ್ತು ತಿರುಗುವ ಪ್ರಾಣಿ ಯಾವುದೆಂದು ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ಕಾಂಗರೂ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಆ ವರ್ಗದಲ್ಲಿ ೩೦೦ಕ್ಕೂ ಹೆಚ್ಚು ಜಾತಿಗಳಿವೆಯೆಂದೂ, ಅವುಗಳಲ್ಲಿ ಬಹಳಷ್ಟು ಇಲಿಯಷ್ಟೋ ಅಳಿಲಿನಷ್ಟೋ ಗಾತ್ರದವೆಂದೂ ಶಾಲೆಯ ಪುಸ್ತಕಗಳು ಹೇಳುವುದು ಕಡಿಮೆ. ಆಸ್ಟ್ರೇಲಿಯ, ನ್ಯೂಗಿನಿ ಮತ್ತು ಸುತ್ತಲಿನ ದ್ವೀಪಗಳು, ಅಮೆರಿಕ ಖಂಡಗಳು — ಇವೇ ಅವುಗಳ ನೆಲೆ. ನಮ್ಮ ದೇಶದ ಕಾಡುಗಳಲ್ಲಿ ಒಂದೂ ಇಲ್ಲ. ಹಾಗಿದ್ದಮೇಲೆ ನಾಗಪುರದಲ್ಲಿ ಕುಳಿತ ನಮಗೆ ಅವುಗಳ ಹೊಟ್ಟೆಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಅವುಗಳ ಹೊಟ್ಟೆಯಂಥದೇ ಹೊಟ್ಟೆಯೊಂದು ರಾತ್ರಿಯಾದರೆ ನಮ್ಮ ಅಡುಗೆಮನೆಯ ಗೋಡೆಯಂಚಿನಲ್ಲಿ ಓಡಾಡುತ್ತದೆ. ಅದನ್ನು ಇಲಿಯೆಂದು ಭಾವಿಸಿ ನಾವು ಕೊಲ್ಲುತ್ತಿದ್ದೇವೆ.

ನೆರೆಯ ಮರಾಠಿಗರು ಚಿಚುಂದ್ರಿ ಎಂದೂ ಹಿಂದಿಯವರು ಛಛೂಂದರ್ ಎಂದೂ ಕರೆಯುವ ಪ್ರಾಣಿಯೇ ಇದು. ನಮ್ಮವರು ಮೂಗಿಲಿ ಎನ್ನುತ್ತಾರೆ, ಸೊಂಡಿಲಿ ಎನ್ನುವವರೂ ಉಂಟು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಚಿಚುಂದ್ರಿ ಗೊತ್ತು, ಮೂಗಿಲಿ ಗೊತ್ತಿಲ್ಲ, ಹೆಸರನ್ನಾದರೂ ಹೇಳಿಕೊಡೋಣ. ಚೂಪಾದ ಉದ್ದ ಮೂತಿ, ಸಾಸಿವೆಯಂಥ ಕಣ್ಣು, ಮೂಗಿಗೆ ಬಡಿಯುವ ಕಸ್ತೂರಿಯಂಥ ವಾಸನೆ, ಓಡುವಾಗ ಚಿಲ್ಲರೆ ಕಾಸು ಅಲುಗಿಸಿದಂಥ ಸದ್ದು — ಒಮ್ಮೆ ಗುರುತಿಸಿದವರು ಮತ್ತೆ ಮರೆಯುವುದಿಲ್ಲ. ಹೆಸರಿನಲ್ಲಿ ಇಲಿಯಿದ್ದರೂ ಇದು ಇಲಿಯ ಕುಲದ್ದಲ್ಲ. ಚೀಲದ ಪ್ರಾಣಿಯೂ ಅಲ್ಲ. ಚೀಲವಿಲ್ಲದ ಕೊರತೆಯನ್ನು ಅದು ಬೇರೊಂದು ಉಪಾಯದಿಂದ ನೀಗಿಸಿಕೊಂಡಿದೆ: ತಾಯಿಯ ಬೆನ್ನ ಹಿಂದಿನ ತುಪ್ಪಳವನ್ನು ಒಂದು ಮರಿ ಕಚ್ಚಿ ಹಿಡಿದರೆ, ಅದರದನ್ನು ಇನ್ನೊಂದು, ಹೀಗೆ ಇಡೀ ಸಂಸಾರ ರೈಲುಗಾಡಿಯಂತೆ ಸಾಲಾಗಿ ಸಾಗುತ್ತದೆ.

ಈಗ ಹೊಟ್ಟೆಯ ಒಳಗೆ ಇಣುಕೋಣ. ನಮ್ಮಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಕಡೆ ಒಂದು ಬದಿ ಮುಚ್ಚಿದ ಪುಟ್ಟ ಚೀಲವಿದೆ. ಅದು ಕುರುಡುಗರುಳು, ವೈದ್ಯರು ಕತ್ತರಿಸಿ ತೆಗೆಯುವ ಅಪೆಂಡಿಕ್ಸ್ ಅದಕ್ಕೇ ಅಂಟಿಕೊಂಡಿರುತ್ತದೆ. ಮನುಷ್ಯನಿಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಇಲಿಗೆ, ಮೊಲಕ್ಕೆ ಹಾಗಲ್ಲ. ಕಾಳಿನ ಹೊಟ್ಟು, ಸೊಪ್ಪಿನ ನಾರು ಅಲ್ಲಿ ಹೋಗಿ ತಂಗುತ್ತವೆ, ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ ಪಚನವಾಗುವಂತೆ ಮಾಡುತ್ತವೆ. ಮೂಗಿಲಿಗೆ ಈ ಕುರುಡುಗರುಳೇ ಇಲ್ಲ. ಒಂದು ಸರಳವಾದ ಜಠರ, ಅಲ್ಲಿಂದ ಹೆಚ್ಚು ಸುತ್ತುಬಳಸಿಲ್ಲದ ಗಿಡ್ಡ ಕರುಳು, ಅಷ್ಟೇ. ಸಣ್ಣದು ಎಲ್ಲಿ ಮುಗಿಯಿತು, ದೊಡ್ಡದು ಎಲ್ಲಿ ಮೊದಲಾಯಿತು ಎಂದು ಹೊರಗಿನಿಂದ ನೋಡಿ ಹೇಳುವುದೂ ಕಷ್ಟ.

ಏಕೆ ಹೀಗೆ? ಇದನ್ನು ನಮ್ಮ ಗೃಹಿಣಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಡ್ಲಿಯ ಹಿಟ್ಟು ಹುಳಿಯೇರಲು ಪಾತ್ರೆ ದೊಡ್ಡದಿರಬೇಕು, ಬೆಚ್ಚಗಿರಬೇಕು, ಮೇಲಾಗಿ ಒಂದು ರಾತ್ರಿ ಕಾಯಬೇಕು. ನಾಗಪುರದ ಜನವರಿಯ ಚಳಿಯಲ್ಲಂತೂ ಮರುದಿನ ಮಧ್ಯಾಹ್ನವಾದರೂ ಹಿಟ್ಟು ಉಬ್ಬದೆ ನಮ್ಮನ್ನು ಅಣಕಿಸುತ್ತದೆ! ಸೊಪ್ಪುಸದೆ ತಿನ್ನುವ ಪ್ರಾಣಿಯ ಹೊಟ್ಟೆ ಇಂಥದೊಂದು ಪಾತ್ರೆ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುತ್ತದೆ. ಅದನ್ನು ತುಂಬಿಕೊಡಲು ಮೈತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು ಆಹಾರ ಬೇಕಾಗುತ್ತದೆ. ನಮ್ಮ ದೇಶದಲ್ಲಿಯೂ ಇರುವ ಮೂಗಿಲಿಯ ಒಂದು ಪುಟ್ಟ ದಾಯಾದಿ ಎರಡು ಗ್ರಾಮಿನಷ್ಟೇ ತೂಗುತ್ತದೆ; ಅದು ದಿನಕ್ಕೆ ತನ್ನ ತೂಕಕ್ಕಿಂತ ಹೆಚ್ಚು ತಿನ್ನುತ್ತದೆ. ಇಷ್ಟು ಹಸಿವಿನವರು ಹಿಟ್ಟು ಹುಳಿಯುವವರೆಗೆ ಕಾಯಲಾರರು. ಅವರಿಗೆ ಬೇಗ ಅರಗುವ ಆಹಾರ ಬೇಕು, ಎಂದರೆ ಹುಳುಹುಪ್ಪಟೆ. ಜಿರಲೆಯ ಗಟ್ಟಿ ಸಿಪ್ಪೆಯನ್ನು ಹಲ್ಲು ಪುಡಿಮಾಡಿ ಕೊಟ್ಟರೆ ಒಳಗಿನ ಮೆದು ಭಾಗ ಗಿಡ್ಡ ಕರುಳಿನಲ್ಲಿಯೇ ಅರಗುತ್ತದೆ, ಉಳಿದದ್ದು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ.

ಸ್ವಾರಸ್ಯವಿರುವುದು ಇಲ್ಲಿ. ಆಸ್ಟ್ರೇಲಿಯದ ಚೀಲದ ಪ್ರಾಣಿಗಳಲ್ಲಿ ಡನಾರ್ಟ್, ಪ್ಲಾನಿಗೇಲ್, ಆಂಟಿಕೈನಸ್ ಎಂಬ ಕೀಟಾಹಾರಿಗಳಿವೆ. ನೋಡಲು ಮೂಗಿಲಿಯ ತಮ್ಮಂದಿರಂತೆ. ಪ್ಲಾನಿಗೇಲಿನ ಒಂದು ಜಾತಿ ಐದು ಗ್ರಾಮಿನ ಆಸುಪಾಸು. ಎರಡು ವಂಶಗಳೂ ಬೇರೆಯಾಗಿ ಹತ್ತು ಕೋಟಿ ವರ್ಷಗಳಿಗೂ ಮೇಲಾಗಿದೆ. ಆದರೂ ಸೀಳಿ ನೋಡಿದರೆ ಅದೇ ಸರಳ ಜಠರ, ಅದೇ ಗಿಡ್ಡ ಕರುಳು, ಕುರುಡುಗರುಳಿಲ್ಲ. ರಕ್ತಸಂಬಂಧವಿಲ್ಲದಿದ್ದರೂ ಊಟ ಒಂದೇ ಆದದ್ದರಿಂದ ಹೊಟ್ಟೆಯೂ ಒಂದೇ ಆಯಿತು. ಆಂಟಿಕೈನಸ್‌ನ ಗಂಡುಗಳ ಕಥೆ ಮಾತ್ರ ಕರುಣಾಜನಕ. ವರ್ಷಕ್ಕೊಮ್ಮೆ ಬರುವ ಕೂಡುವ ಕಾಲದಲ್ಲಿ ಅವು ಮೈಮರೆತು ಹೆಣ್ಣುಗಳ ಬೆನ್ನುಹತ್ತುತ್ತವೆ. ಆ ಉದ್ವೇಗದಲ್ಲಿ ರಕ್ತದಲ್ಲಿ ಏರುವ ರಸಗಳಿಂದ ಜಠರದಲ್ಲಿ ಹುಣ್ಣೆದ್ದು, ರಕ್ತ ಒಸರಿ, ಕೆಲವೇ ವಾರಗಳಲ್ಲಿ ಒಂದೂ ಉಳಿಯದಂತೆ ಸಾಯುತ್ತವೆ. ಚಿಂತೆಯಿಂದ ಹೊಟ್ಟೆ ಹುಣ್ಣಾಗುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಇವುಗಳ ಪಾಲಿಗೆ ಅದು ಅಕ್ಷರಶಃ ನಿಜ.

ಊಟ ಬದಲಾದರೆ ಹೊಟ್ಟೆಯೂ ಬದಲಾಗುತ್ತದೆ. ಮರದ ಅಂಟನ್ನು ನೆಕ್ಕುವ, ಕೊಂಬೆಯಿಂದ ಕೊಂಬೆಗೆ ತೇಲುವ ಶುಗರ್ ಗ್ಲೈಡರಿಗೆ ದೊಡ್ಡ ಕುರುಡುಗರುಳಿದೆ. ಅಂಟು ಅಲ್ಲಿ ಹುಳಿಯಬೇಕು. ನೀಲಗಿರಿಯ ಎಲೆಯನ್ನೇ ನಂಬಿದ ಕೋಆಲದ ಕುರುಡುಗರುಳು ಸುಮಾರು ಎರಡು ಮೀಟರ್ ಉದ್ದ. ಅದರ ಮರಿ ಹಾಲು ಬಿಟ್ಟು ಎಲೆಗೆ ಹೊರಳುವ ಮುನ್ನ ತಾಯಿಯ ಕುರುಡುಗರುಳಿನಿಂದ ಬರುವ ಮೆತ್ತನೆಯ ಮಲವನ್ನು ತಿನ್ನುತ್ತದೆ. ನಮಗೆ ಅಸಹ್ಯ, ಮರಿಗೆ ಅದು ಹೆಪ್ಪು. ಹೆಪ್ಪಿಲ್ಲದೆ ಹಾಲು ಮೊಸರಾದೀತೇ?

ನಮ್ಮ ದೇಶದಲ್ಲಿ ಇಂಥವು ಎಂದೂ ಇರಲಿಲ್ಲವೇ? ಇದ್ದವು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ದೊರೆತ ಸಣ್ಣ ಹಲ್ಲುಗಳನ್ನು ಪರೀಕ್ಷಿಸಿ, ಅವು ಚೀಲದ ಪ್ರಾಣಿಯವೆಂದು ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದರು. ಅದಕ್ಕೆ ಇಂಡೋಡೆಲ್ಫಿಸ್ ಎಂದು ಹೆಸರಿಟ್ಟರು. ಅದರ ಕಾಲ ಐದು ಕೋಟಿ ವರ್ಷಗಳಿಗೂ ಹಿಂದಿನದು. ಕರುಳು ಕಲ್ಲಾಗಿ ಉಳಿಯುವುದಿಲ್ಲ, ಹಲ್ಲು ಉಳಿಯುತ್ತದೆ. ಊಟವನ್ನು ಹಲ್ಲಿನಿಂದ, ಹೊಟ್ಟೆಯನ್ನು ಊಟದಿಂದ ಊಹಿಸಬೇಕು. ಇಂಥ ಶೋಧಕ್ಕೆ ನಮ್ಮ ನಾಗಪುರದ ನಂಟೂ ಇದೆ. ಹಿಸ್ಲಾಪ್ ಕಾಲೇಜಿನ ಹೆಸರು ಕೇಳದವರು ಇಲ್ಲಿ ಯಾರು? ಆ ಸ್ಟೀಫನ್ ಹಿಸ್ಲಾಪ್ ಪಾದ್ರಿಗಳು ಟಾಕಳಿಯ ಸುತ್ತಲಿನ ಕಲ್ಲಿನ ಪದರಗಳಲ್ಲಿ ಪುರಾತನ ಜೀವಿಗಳ ಗುರುತುಗಳನ್ನು ಆಯ್ದವರು. ೧೮೬೩ರಲ್ಲಿ ಹೊಳೆ ದಾಟುವಾಗ ಮುಳುಗಿ ತೀರಿಕೊಂಡರು. ೧೯೮೮ರಲ್ಲಿ ವಿಕಾರಾಬಾದಿನ ಬಳಿಯ ನಸ್ಕಲ್ ಎಂಬಲ್ಲಿ ದೊರೆತ, ಸುಮಾರು ಆರೂವರೆ ಕೋಟಿ ವರ್ಷ ಹಳೆಯ ಪ್ರಾಣಿಗೆ ಅವರ ನೆನಪಿನಲ್ಲಿ ಡೆಕ್ಕನೋಲೆಸ್ಟಿಸ್ ಹಿಸ್ಲಾಪಿ ಎಂದು ಹೆಸರಾಯಿತು. ಚೀಲದ ಕುಲದ್ದಲ್ಲ; ಆದರೆ ಮೂಗಿಲಿಯಷ್ಟೇ ಪುಟ್ಟದು, ಹುಳು ಜಗಿಯುವ ಹಲ್ಲಿನದು.

ಮೂಗಿಲಿಯ ಹೊಟ್ಟೆಗೆ ಇನ್ನೊಂದು ವಿಶೇಷವಿದೆ. ಇಲಿಗೆ ವಾಂತಿ ಬಾರದು, ತಿಂದದ್ದು ತಿಂದದ್ದೇ. ಮೂಗಿಲಿ ವಾಂತಿ ಮಾಡಿಕೊಳ್ಳಬಲ್ಲದು. ಅಲುಗಾಡಿಸಿದರೂ ಸಾಕು, ಘಟ್ಟದ ಬಸ್ಸು ಹತ್ತಿದ ನಮ್ಮವರಂತೆ ಅದಕ್ಕೂ ಹೊಟ್ಟೆ ತೊಳಸುತ್ತದೆ. ೧೯೮೭ರಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರಕಟಿಸಿದ ಮೇಲೆ, ಕ್ಯಾನ್ಸರಿನ ಔಷಧಿಯಿಂದ ರೋಗಿಗಳಿಗಾಗುವ ವಾಂತಿಯನ್ನು ತಡೆಯುವ ಬಗೆಯನ್ನು ಅರಿಯಲು ಪ್ರಯೋಗಶಾಲೆಗಳು ಮೂಗಿಲಿಯನ್ನು ಸಾಕಿದವು. ಹಾವು ಹಿಡಿದ ಛಛೂಂದರಿನ ಮಾತು ಇಲ್ಲಿಯ ಹಿಂದಿಯಲ್ಲಿದೆ: ವಾಸನೆಗೆ ನುಂಗಲಾರದು, ಹಿಡಿದದ್ದನ್ನು ಬಿಡಲಾರದು. ನಮ್ಮ ಬಿಸಿತುಪ್ಪದ ಗಾದೆಯೇ ಅದು.

ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಮೂಗಿಲಿ ಮೋರಿಯ ಕಿಂಡಿಯಿಂದ ಒಳಗೆ ಬರುತ್ತದೆ. ಆಗ ಅಂಟಿನ ಹಲಗೆ ಇಡುವವರು ಒಂದು ಮಾತು ತಿಳಿದಿರಬೇಕು. ಜೋಳದ ಚೀಲ ಕಡಿದದ್ದು, ಮರದ ಪೆಟ್ಟಿಗೆ ಕೊರೆದದ್ದು ಇಲಿಯೇ ಹೊರತು ಮೂಗಿಲಿಯಲ್ಲ. ಕೊರೆಯುವ ಉಳಿಹಲ್ಲು ಅದಕ್ಕಿಲ್ಲ, ಕಾಳಿನ ರಾಶಿಯನ್ನು ಅರಗಿಸುವ ಕುರುಡುಗರುಳೂ ಇಲ್ಲ. ತೆರೆದಿಟ್ಟ ರೊಟ್ಟಿಯ ಚೂರಿಗೋ ಮೀನಿನ ತುಂಡಿಗೋ ಬಾಯಿಹಾಕೀತು, ಇಲ್ಲವೆನ್ನುವುದಿಲ್ಲ. ಮುಚ್ಚಿಡುವುದು ನಮ್ಮ ಕೆಲಸ. ಅದರ ಮುಖ್ಯ ಆಹಾರ ನಮ್ಮ ಜಿರಲೆಗಳು. ಅಂಟಿನಲ್ಲಿ ಸಿಕ್ಕಿಕೊಂಡರೆ ಹಸಿವು ತಾಳಲಾರದ ಆ ಜೀವ ಅಲ್ಲೇ ನರಳಿ ಸಾಯುತ್ತದೆ. ಬೋನಿನಲ್ಲಿ ಬಿದ್ದರೆ ಬೆಳಗಿನವರೆಗೆ ಕಾಯದೆ ಕೂಡಲೆ ಹಿತ್ತಿಲಲ್ಲಿ ಬಾಗಿಲು ತೆರೆದು ಬಿಡಿ. ಬರಿಗೈಯಿಂದ ಮಾತ್ರ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಗೊಡಬೇಡಿ: ಅದು ಕಚ್ಚುತ್ತದೆ, ಮೈಯಲ್ಲಿ ಚಿಗಟಗಳಿರುತ್ತವೆ. ೧೯೬೪ರಲ್ಲಿ ವೆಲ್ಲೂರಿನ ತೊಟ್ಟಪಾಳಯಂನಲ್ಲಿ ಹಿಡಿದ ಮೂಗಿಲಿಯೊಂದರಲ್ಲಿ ಹೊಸದೊಂದು ವೈರಸ್ಸು ದೊರೆತು, ಆ ಬಡಾವಣೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಹಿಕ್ಕೆ ಬಿದ್ದ ಕಡೆ ಫಿನಾಯಿಲು ಹಾಕಿ ಒರೆಸಿದರೆ ಸಾಕು.