ಸೋರುವ ಗೀಸರ್ ಮತ್ತು ಬಳಕೆದಾರನ ಹಕ್ಕು



ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬ ನಿಮಗೆಲ್ಲ ಗೊತ್ತು. ಹಂಡೆ ತೊಳೆದು, ಪೂಜೆ ಮಾಡಿ, ನೀರು ತುಂಬಿಟ್ಟು, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ ಮಾಡುವ ಪದ್ಧತಿ ಅದು. ನಮ್ಮ ಮನೆಯಲ್ಲಿ ಸ್ನಾನದ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಹಂಡೆ ಅಟ್ಟ ಸೇರಿತು. ಅದರ ಜಾಗಕ್ಕೆ 25 ಲೀಟರಿನ ವಿದ್ಯುತ್ ಗೀಸರ್ ಬಂತು. ಕೊಂಡ ಹನ್ನೊಂದನೆಯ ದಿನಕ್ಕೆ ನರಕ ಚತುರ್ದಶಿ. ಅಜ್ಜಿ ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದರು. ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಗೀಸರಿನ ತಳದ ಬೆಸುಗೆಯಿಂದ ನೀರು ಸುರಿಯತೊಡಗಿತು. ಮರುಕ್ಷಣವೇ ಇಡೀ ಮನೆಯ ವಿದ್ಯುತ್ ನಿಂತಿತು.

ವಿದ್ಯುತ್ ನಿಂತದ್ದು ನಮ್ಮ ಪುಣ್ಯ. ನೀರಿನ ಮೂಲಕ ವಿದ್ಯುತ್ತು ಬೇರೆ ದಾರಿಯಲ್ಲಿ ಹರಿಯತೊಡಗಿದಾಗ ತಾನಾಗಿಯೇ ಸಂಪರ್ಕ ಕಡಿಯುವ ರಕ್ಷಕ ಸ್ವಿಚ್ಚು ಮೀಟರಿನ ಬಳಿ ಇತ್ತು. ಅದಿಲ್ಲದೆ ಯಾರಾದರೂ ಒದ್ದೆ ಕೈಯಿಂದ ನಲ್ಲಿ ಮುಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ದೋಷವಿರುವ ಸಾಮಾನು ಹಣದ ನಷ್ಟವನ್ನಷ್ಟೇ ಅಲ್ಲ, ಪ್ರಾಣಾಪಾಯವನ್ನೂ ತರಬಲ್ಲುದು.

ಮೂವರ ನಡುವೆ ಅಲೆದಾಟ

ಅಂಗಡಿಗೆ ಹೋದೆವು. “ನಾವು ಬರೀ ಮಾರುವವರು ಸಾರ್, ಕಂಪನಿಗೆ ಫೋನ್ ಮಾಡಿ” ಎಂದರು. ಗೋಡೆಯ ಮೇಲಿದ್ದ ಫಲಕವನ್ನೂ ತೋರಿಸಿದರು: ‘ಒಮ್ಮೆ ಮಾರಿದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಕಂಪನಿಯವರು ಖಾತರಿ ಕಾರ್ಡಿನ ಮೇಲೆ ಅಂಗಡಿಯ ಮೊಹರಿಲ್ಲ ಎಂದರು. ಒಂದು ವಾರದ ನಂತರ ಬಂದ ಮೆಕ್ಯಾನಿಕ್, “ನಿಮ್ಮದು ಬೋರ್‌ವೆಲ್ ನೀರು, ಗಡಸು. ನೀರಿನದೇ ತಪ್ಪು” ಎಂದು ಹೇಳಿ ಹೊರಟುಹೋದರು. ಮತ್ತೆ ಅಂಗಡಿ, ಮತ್ತೆ ಫೋನು. ಹೀಗೆ ಮೂರು ವಾರ ಕಳೆಯಿತು. ಅಜ್ಜಿ ಅಡುಗೆಮನೆಯಿಂದ ಬಿಸಿನೀರು ತರಿಸಿಕೊಂಡು ಸ್ನಾನ ಮಾಡುತ್ತಿದ್ದರು.

ನಾವು ಮಾಡಿದ ತಪ್ಪೇನು? ಈ ಮೂರು ವಾರದಲ್ಲಿ ನಾವು ಆಡಿದ್ದೆಲ್ಲ ಬಾಯಿಮಾತು. ಹತ್ತು ಸಲ ಕೋಪ ಮಾಡಿಕೊಂಡಿದ್ದೆವು, ಒಂದು ಸಾಲನ್ನೂ ಬರೆದಿರಲಿಲ್ಲ. ಬಾಯಿಮಾತಿಗೆ ದಿನಾಂಕವಿಲ್ಲ, ಸಾಕ್ಷಿಯಿಲ್ಲ. ಆದ್ದರಿಂದಲೇ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುವುದು ಅಷ್ಟು ಸುಲಭವಾಯಿತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಆ ವರ್ಷದ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾರಣ, ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಅದರ ಸ್ಥಾನದಲ್ಲಿ 2019ರ ಹೊಸ ಕಾಯ್ದೆ ರೂಪುಗೊಂಡು, 2020ರ ಜುಲೈನಿಂದ ಜಾರಿಯಲ್ಲಿದೆ.

ಈ ಕಾಯ್ದೆಯ 2ನೇ ಕಲಮು ‘ಅನುಚಿತ ವ್ಯಾಪಾರ ಪದ್ಧತಿ’ಗಳನ್ನು ಪಟ್ಟಿಮಾಡುತ್ತದೆ. ಮಾರಿದ ಸಾಮಾನಿಗೆ ಬಿಲ್ ಕೊಡದಿರುವುದು ಅವುಗಳಲ್ಲಿ ಒಂದು. ದೋಷವುಳ್ಳ ಸಾಮಾನನ್ನು ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಇನ್ನೊಂದು. ಬಿಲ್ಲಿನಲ್ಲಿ ಅವಧಿಯನ್ನು ಹೇಳಿದ್ದರೆ ಆ ಅವಧಿ, ಹೇಳದಿದ್ದರೆ 30 ದಿನ. ಹಾಗಾದರೆ ಅಂಗಡಿಯ ಫಲಕ ಏನಾಯಿತು? ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ಮರಳಿಸುವವರಿಗೆ ಆ ಫಲಕ ಉತ್ತರವಾಗಬಹುದು. ದೋಷವಿದ್ದಾಗ ಗೋಡೆಯ ಮೇಲಿನ ಬರಹ ಕಾಯ್ದೆಗಿಂತ ದೊಡ್ಡದಲ್ಲ.

ಬಿಲ್ಲಿನ ವಿಷಯದಲ್ಲಿ ಒಂದು ಮಾತು. “ಬಿಲ್ ಬೇಕಾದರೆ ತೆರಿಗೆ ಸೇರುತ್ತದೆ” ಎಂದು ನಮಗೂ ಹೇಳಿದ್ದರು. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಅಡಕವಾಗಿರುತ್ತವೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. ಅಪ್ಪ ಪಟ್ಟುಹಿಡಿದು ಬಿಲ್ ಪಡೆದಿದ್ದರು. ಕೊನೆಗೆ ನಮ್ಮನ್ನು ಕಾಪಾಡಿದ್ದು ಆ ಒಂದು ಚೀಟಿ. ಕಾರ್ಡಿಗೆ ಮೊಹರು ಹಾಕದಿದ್ದುದು ಅಂಗಡಿಯವರ ಲೋಪ. ಕೊಂಡ ದಿನಾಂಕ ಬಿಲ್ಲಿನಲ್ಲೇ ಇತ್ತು.

ದೂರುವ ಮುನ್ನ ನೋಡಿ

ತಪ್ಪು ನಮ್ಮದಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾದ ನೀರು ಹಿಗ್ಗುತ್ತದೆ. ಆಗ ಗೀಸರಿನ ಸುರಕ್ಷತಾ ಕವಾಟದಿಂದ ಕೆಲವು ಹನಿ ತೊಟ್ಟಿಕ್ಕುವುದು ದೋಷವಲ್ಲ. ನಮ್ಮಲ್ಲಿ ನೀರು ಬಂದದ್ದು ಕವಾಟದಿಂದಲ್ಲ, ಬೆಸುಗೆಯಿಂದ. ಗಡಸು ನೀರಿನಿಂದ ಗೀಸರ್ ಕೆಡುವುದು ನಿಜ, ಆದರೆ ಉಪ್ಪು ಪದರಗಟ್ಟಿ ಹಾಳಾಗಲು ಬಹಳ ಕಾಲ ಬೇಕು. ಹನ್ನೊಂದು ದಿನದಲ್ಲಿ ಬೆಸುಗೆ ಬಿಡುವುದಕ್ಕೆ ನೀರನ್ನು ದೂರಲಾಗದು. ‘ಗೀಸರ್ ಕೆಟ್ಟಿದೆ’ ಎನ್ನುವುದಕ್ಕಿಂತ ‘ತಳದ ಬೆಸುಗೆಯಿಂದ ನೀರು ಸೋರುತ್ತಿದೆ’ ಎಂದು ಬರೆದರೆ ನುಣುಚಿಕೊಳ್ಳಲು ದಾರಿ ಕಡಿಮೆ.

ದಾರಿಯ ಮೆಟ್ಟಿಲುಗಳು

ಮೊದಲನೆಯದು ಪತ್ರ. ಕೊಂಡ ದಿನ, ಬಿಲ್ ಸಂಖ್ಯೆ, ದೋಷ ಕಂಡ ದಿನ, ಯಾರು ಯಾವಾಗ ಏನೆಂದರು, ನಿಮಗೇನು ಬೇಕು, ಎಷ್ಟು ದಿನದೊಳಗೆ – ಇಷ್ಟು ಒಂದೇ ಪುಟದಲ್ಲಿರಲಿ. ಬೈಗುಳ ಬೇಡ. ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪ್ರತಿಯನ್ನೂ ಅಂಚೆ ರಸೀದಿಯನ್ನೂ ಇಟ್ಟುಕೊಳ್ಳಿ. ಬಿಲ್ಲಿನ ನಕಲು ಮಾತ್ರ ಕೊಡಿ, ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ.

ಎರಡನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲಿಯೇ ದೂರು ಹೇಳಬಹುದು. ಅವರದು ಆದೇಶವಲ್ಲ, ಮಧ್ಯಸ್ಥಿಕೆ. ಆದರೂ ಅನೇಕ ತಕರಾರುಗಳು ಇಲ್ಲಿಯೇ ಮುಗಿಯುತ್ತವೆ.

ಮೂರನೆಯದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. 2021ರ ನಿಯಮದಂತೆ, ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಇಲ್ಲಿಗೇ ಬರಬೇಕು. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಅಂಗಡಿ ಬೇರೆ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಸ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆಯೋಗವು ದೋಷ ಸರಿಪಡಿಸಲು, ಹೊಸದನ್ನು ಕೊಡಲು, ಹಣ ಮರಳಿಸಲು, ಪರಿಹಾರ ನೀಡಲು ಆದೇಶಿಸಬಹುದು. ಪರೀಕ್ಷೆ ಅಗತ್ಯವಾದರೆ ಸಾಮಾನನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಅಂಥ ಪ್ರಕರಣಕ್ಕೆ ಐದು ತಿಂಗಳು, ಉಳಿದವಕ್ಕೆ ಮೂರು ತಿಂಗಳು ಎಂದು ಕಾಯ್ದೆ ಗುರಿ ಹಾಕಿದೆ. ವಾಸ್ತವದಲ್ಲಿ ತಡವಾಗುವುದುಂಟು, ಅದಕ್ಕೇ ಮೊದಲೆರಡು ಮೆಟ್ಟಿಲುಗಳನ್ನು ಗಟ್ಟಿಯಾಗಿ ಹತ್ತಬೇಕು.

ನಾವು ಆಯೋಗದವರೆಗೆ ಹೋಗಬೇಕಾಗಲಿಲ್ಲ. ಪತ್ರ ಮುಟ್ಟಿ, ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ ಕಂಪನಿಯಿಂದ ಬೇರೊಬ್ಬ ಮೆಕ್ಯಾನಿಕ್ ಬಂದರು. ಬೆಸುಗೆ ನೋಡಿ, “ಟ್ಯಾಂಕಿನದೇ ದೋಷ” ಎಂದು ಬರೆದು ಸಹಿ ಹಾಕಿದರು. ಹತ್ತು ದಿನದಲ್ಲಿ ಹೊಸ ಗೀಸರ್ ಬಂತು. ಮೂರು ವಾರ ಕಿರುಚಾಡಿದರೂ ಆಗದ ಕೆಲಸ ಒಂದು ಪುಟದಿಂದ ಆಯಿತು. ಅಜ್ಜಿ ಮಾತ್ರ ಹಂಡೆಯನ್ನು ಅಟ್ಟದಿಂದ ಇಳಿಸಿದ್ದಾರೆ. “ನಿಮ್ಮ ಗೀಸರನ್ನು ನಂಬಬಹುದು, ಹಬ್ಬದ ದಿನ ನಂಬಲಾರೆ” ಎನ್ನುತ್ತಾರೆ!

ನೀವಿನ್ನೂ ಚಿಕ್ಕವರಿರಬಹುದು. 18 ವರ್ಷ ತುಂಬದ ಗ್ರಾಹಕರ ಪರವಾಗಿ ತಂದೆತಾಯಿಗಳು ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಪತ್ರವನ್ನು ನೀವೇ ಬರೆದುಕೊಡಬಹುದಲ್ಲವೇ? ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಫ್ಯಾನು, ಮಿಕ್ಸಿ, ಪಂಪು ಇವುಗಳ ಬಿಲ್ಲು, ಕಾರ್ಡುಗಳನ್ನು ಹುಡುಕಿ ಒಂದು ಕಡತದಲ್ಲಿ ಸೇರಿಸಿ. ಯಾವುದಕ್ಕೆ ಬಿಲ್ ಇಲ್ಲ, ಯಾವ ಕಾರ್ಡಿಗೆ ಮೊಹರಿಲ್ಲ ಎಂದು ಗುರುತು ಹಾಕಿ. ಮುಂದಿನ ಸಲ ಅಂಗಡಿಗೆ ಹೋದಾಗ ಆ ಕಡತ ನಿಮಗೆ ನೆನಪಾಗಲಿ.